ಚಾಪ್‌ಮನ್ ಮನೆತನಕ್ಕೆ ಚೌಕಾಸಿ ಕಲಿಸಿದ್ದು

ಹೇಳಿದ ಬೆಲೆಯನ್ನು ಮರುಮಾತಿಲ್ಲದೆ ಕೊಟ್ಟು ಹೋಗುವ ಗಿರಾಕಿಯಿಂದ ವ್ಯಾಪಾರಿಗೆ ಸುಖವಿಲ್ಲ. ಹೊರಗಿನವರು ಇದನ್ನು ನಂಬುವುದಿಲ್ಲ. ಆದರೆ ಗಲ್ಲಾಪೆಟ್ಟಿಗೆಯ ಮುಂದೆ ಮೂವತ್ತು ವರ್ಷ ಕುಳಿತವನ ಮಾತು ಇದು, ಸ್ವಲ್ಪ ಕೇಳಿ. ನಾವು ಬೆಲೆ ಹೇಳುವಾಗ ಇಳಿಯಲು ನಾಲ್ಕು ಮೆಟ್ಟಿಲು ಇಟ್ಟುಕೊಂಡೇ ಹೇಳುತ್ತೇವೆ. ಗಿರಾಕಿ ಮೇಲಿನ ಮೆಟ್ಟಿಲಲ್ಲೇ ಹಣ ಕೊಟ್ಟು ಹೊರಟುಬಿಟ್ಟರೆ ಎರಡು ಸಂಕಟ: ಇನ್ನೂ ಹೆಚ್ಚು ಹೇಳಬಹುದಿತ್ತೇನೋ ಎಂಬುದು ಒಂದು, ಪಾಪದ ಮನುಷ್ಯನನ್ನು ಸುಲಿದೆನೇನೋ ಎಂಬುದು ಇನ್ನೊಂದು.

ಸೌದಿಯ ದಮ್ಮಾಮಿನಲ್ಲಿರುವ ನನ್ನ ಅಂಗಡಿಗೆ ಅಂಥ ಗಿರಾಕಿಯೊಬ್ಬರು ಬಂದರು. ನನ್ನದು ವಾಲ್ವು, ಗ್ಯಾಸ್ಕೆಟ್, ನಟ್ಟು ಬೋಲ್ಟು, ಹೆಲ್ಮೆಟ್ಟು, ಕೈಗವಸುಗಳ ವ್ಯಾಪಾರ. ರಾಸ್ ತನೂರಾದ ತೈಲ ಘಟಕಗಳ ಕಡೆ ಕೆಲಸ ಹಿಡಿದ ಕಂಟ್ರಾಕ್ಟರುಗಳೇ ಹೆಚ್ಚಿನ ಗಿರಾಕಿಗಳು. ಬಂದವರು ಅಂಥದ್ದೇ ಒಂದು ಕಂಪನಿಯ ಇಂಜಿನಿಯರು, ಅರವತ್ತರ ಆಸುಪಾಸಿನ ಇಂಗ್ಲಿಷರು. ಒಂದು ಜೊತೆ ಸೇಫ್ಟಿ ಶೂ ಎತ್ತಿಕೊಂಡು ಎಷ್ಟು ಎಂದರು. ನೂರ ನಲವತ್ತಕ್ಕೆ ಬಿಡುವ ಲೆಕ್ಕದಲ್ಲಿ ನೂರ ಎಂಬತ್ತು ರಿಯಾಲ್ ಎಂದೆ. ಅವರು ನೂರ ಎಂಬತ್ತು ಎಣಿಸಿ ಮೇಜಿನ ಮೇಲಿಟ್ಟು, ಧನ್ಯವಾದ ಹೇಳಿ ಹೊರಟೇಬಿಟ್ಟರು.

ನನಗೆ ಕೂರಲಾಗಲಿಲ್ಲ. ಎರಡು ಜೊತೆ ಕೈಗವಸು ಹಿಡಿದು ಅವರ ಕಾರಿನ ಹಿಂದೆ ಓಡಿದೆ.

"ಇದು ಯಾಕೆ?" ಎಂದರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ.

"ನೀವು ಹೆಚ್ಚು ಕೊಟ್ಟಿದ್ದೀರಿ."

"ನೀವು ಕೇಳಿದ್ದನ್ನೇ ಕೊಟ್ಟೆನಲ್ಲ?"

"ನಾನು ಕೇಳುವುದು ಕೇಳುತ್ತೇನೆ ಸಾರ್. ನೀವು ಹಾಗೆ ಕೊಟ್ಟುಬಿಡುವುದೇ?"

ಅವರು ನಡುರಸ್ತೆಯಲ್ಲಿ ನಿಂತು ಜೋರಾಗಿ ನಕ್ಕರು. ಆಮೇಲೆ ಜೇಬಿನಿಂದ ತಮ್ಮ ಕಾರ್ಡು ತೆಗೆದು ಕೊಟ್ಟು, "ನನ್ನ ಮನೆತನದ ಹೆಸರು ನೋಡಿ. ನಮ್ಮ ಅಪ್ಪನಿಗೆ ಈ ಸಂಗತಿ ಗೊತ್ತಾದರೆ ಅಳುತ್ತಾರೆ" ಎಂದರು. ಕಾರ್ಡಿನಲ್ಲಿ ಇದ್ದದ್ದು ಚಾಪ್‌ಮನ್. ಅವರ ಸ್ವಂತ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮನೆತನದ ಹೆಸರು ಬರೆದರೆ ತೊಂದರೆಯಿಲ್ಲ, ಆ ಹೆಸರಿನವರು ಅಲ್ಲಿ ಊರೂರಿಗೆ ಇದ್ದಾರಂತೆ, ಯಾರು ಹುಡುಕಿಕೊಂಡು ಹೋಗುತ್ತಾರೆ?

ಚಾಪ್‌ಮನ್ ಎಂದರೆ ವ್ಯಾಪಾರಿ. ಹಳೆಯ ಇಂಗ್ಲಿಷಿನಲ್ಲಿ ಸಂತೆ, ಕೊಡುಕೊಳ್ಳುವಿಕೆ, ಚೌಕಾಸಿ ಎಲ್ಲಕ್ಕೂ ಒಂದೇ ಮಾತಿತ್ತಂತೆ. ಅದನ್ನು ಮಾಡುವ ಮನುಷ್ಯ ಚಾಪ್‌ಮನ್. ಈಗ ಅಗ್ಗ ಎನ್ನಲು ನಾವು ಬಳಸುವ 'ಚೀಪ್' ಕೂಡ ಅದೇ ಬೇರಿನದು. ಇದನ್ನೆಲ್ಲ ನನಗೆ ಹೇಳಿದವರು ಇಂಜಿನಿಯರಲ್ಲ, ಅವರ ತಂದೆ. ಇಂಗ್ಲೆಂಡಿನ ಪೂರ್ವದ ಅಂಚಿನ ಒಂದು ಸಣ್ಣ ಪೇಟೆಯಲ್ಲಿ ಒಬ್ಬರೇ ಇರುವ, ಎಂಬತ್ತೊಂಬತ್ತು ತುಂಬಿದ, ಕಿವಿ ಚುರುಕಾಗಿರುವ ಹಿರಿಯರು. ಇಡೀ ನೌಕರಿಯನ್ನು ಅಂಚೆಯವರಾಗಿ ಮಾಡಿದವರು. ಸೈಕಲ್ಲಿನಲ್ಲಿ ಲಕೋಟೆ ಹಂಚುತ್ತ ಹಂಚುತ್ತ, ಈ ಬೀದಿಯಲ್ಲೇ ಆರು ಮನೆ ಚಾಪ್‌ಮನ್ ಇದ್ದಾರಲ್ಲ, ಇವರ್‍ಯಾರೂ ನಮಗೆ ನೆಂಟರಲ್ಲವಲ್ಲ ಎಂದು ಅವರಿಗೆ ಹುಳ ಹೊಕ್ಕಿತಂತೆ. ಅಂದಿನಿಂದ ಆ ಹೆಸರಿನ ಮೂಲ ಹುಡುಕುವುದೇ ಹವ್ಯಾಸ.

ಶುಕ್ರವಾರ ಮಗ ಅವರಿಗೆ ವಿಡಿಯೋ ಕಾಲ್ ಮಾಡುವ ರೂಢಿ. ಒಮ್ಮೆ ನಾನೂ ಜೊತೆಯಲ್ಲಿದ್ದೆ. ನಾನು ಅವರನ್ನು 'ಅಜ್ಜ' ಎಂದೆ. ಅರ್ಥ ಕೇಳಿ ತಿಳಿದುಕೊಂಡು, ಇನ್ನು ಹಾಗೆಯೇ ಕರೆಯಬೇಕೆಂದು ಅಪ್ಪಣೆ ಮಾಡಿದರು.

"ಒಂದೇ ಊರಿನಲ್ಲಿ ಒಂದೇ ಹೆಸರಿನವರು ಹತ್ತು ಜನ" ಎಂದು ಅಜ್ಜ ಶುರು ಮಾಡಿದರು. "ರಾಜನ ಕಡೆಯ ಗುಮಾಸ್ತ ಕಂದಾಯದ ಪಟ್ಟಿ ಬರೆಯಲು ಬರುತ್ತಾನೆ. ಯಾರು ಯಾರೆಂದು ಅವನಿಗೆ ಹೇಗೆ ತಿಳಿಯಬೇಕು? ಒಬ್ಬನ ಮುಂದೆ ಬಡಗಿ ಎಂದು ಬರೆದ, ಒಬ್ಬನ ಮುಂದೆ ಕಮ್ಮಾರ, ಒಬ್ಬನ ಮುಂದೆ ವ್ಯಾಪಾರಿ. ಆಮೇಲೆ ಮಗ ಬೇರೆ ಕೆಲಸ ಹಿಡಿದರೂ ಪಟ್ಟಿಯಲ್ಲಿದ್ದ ಹೆಸರು ಬಿಡಲಿಲ್ಲ."

ನಾನು ನನ್ನ ಮೊಬೈಲು ತೆಗೆದು ತೋರಿಸಿದೆ. ನನಗೆ ಒಂದೇ ಹೆಸರಿನ ಪರಿಚಯಸ್ಥರು ಹದಿಮೂರು ಮಂದಿ. ಒಬ್ಬರ ಮುಂದೆ 'ಪೈಪ್' ಎಂದು ಹಾಕಿಕೊಂಡಿದ್ದೇನೆ, ಇನ್ನೊಬ್ಬರ ಮುಂದೆ 'ಎಸಿ', ಮತ್ತೊಬ್ಬರ ಮುಂದೆ 'ಟ್ರೈಲರ್', ದಿನಸಿ ಅಂಗಡಿಯವರ ಮುಂದೆ ಇಲ್ಲಿಯ ಮಾತಿನಂತೆ 'ಬಕಾಲ'. 'ಎಸಿ'ಯವರು ಎಸಿ ರಿಪೇರಿ ಬಿಟ್ಟು ಹೋಟೆಲು ಇಟ್ಟು ಆರು ವರ್ಷವಾಯಿತು, ನನ್ನ ಮೊಬೈಲಿನಲ್ಲಿ ಇಂದಿಗೂ ಎಸಿ. ಅಜ್ಜ ಕುರ್ಚಿಯ ಕೈ ಬಡಿದು ನಕ್ಕರು. "ನೀವೇ ಆ ಗುಮಾಸ್ತ!" ಎಂದರು.

ಒಬ್ಬ ಮೂಲಪುರುಷನಿಂದ ಎಲ್ಲ ಚಾಪ್‌ಮನ್‌ಗಳೂ ಬಂದರೆಂದು ತಿಳಿಯಬಾರದು ಎಂಬುದು ಅಜ್ಜನ ಮುಖ್ಯ ವಾದ. ಸಂತೆ ಎಲ್ಲೆಲ್ಲಿ ಸೇರುತ್ತಿತ್ತೋ ಅಲ್ಲಲ್ಲಿ ಒಬ್ಬೊಬ್ಬ ಚಾಪ್‌ಮನ್ ಹುಟ್ಟಿಕೊಂಡ. ಜರ್ಮನಿಯಲ್ಲಿ ಅವನೇ ಕೌಫ್‌ಮನ್, ಡಚ್ಚರಲ್ಲಿ ಕೋಪ್‌ಮನ್. ಅಜ್ಜ ಗೋಡೆಯ ಮೇಲಿನ ಭೂಪಟವನ್ನೂ ತೋರಿಸಿದರು, ಕೆಂಪು ತಲೆಯ ಗುಂಡುಪಿನ್ನು ಚುಚ್ಚಿದ್ದು. ಇಂಗ್ಲೆಂಡಿನ ಪೂರ್ವದ ಕಡೆ ಒತ್ತೊತ್ತಾಗಿ, ಪಶ್ಚಿಮಕ್ಕೆ ಹೋದಂತೆ ತೆಳುವಾಗಿ. ಪಕ್ಕದಲ್ಲಿ ಇಡೀ ಲೋಕದ ಇನ್ನೊಂದು ಭೂಪಟ, ಅದರಲ್ಲಿ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಎಲ್ಲ ಕಡೆ ಪಿನ್ನು. ದಮ್ಮಾಮಿನಲ್ಲಿ ಒಂದೇ ಒಂದು ಪಿನ್ನು. ಅದು ಅವರ ಮಗ.

ಅದನ್ನು ನೋಡಿ ನನಗೆ ನಮ್ಮವರ ನಕ್ಷೆ ನೆನಪಾಯಿತು. ನಾನು ದಕ್ಷಿಣ ಕನ್ನಡದ ಬ್ಯಾರಿ. ತುಳುವಿನಲ್ಲಿ ಬ್ಯಾರ ಎಂದರೆ ವ್ಯಾಪಾರ, ಅದರಿಂದಲೇ ನಮಗೆ ಈ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ. ನಮ್ಮದಕ್ಕೂ ಪಿನ್ನು ಚುಚ್ಚಿದರೆ ಮಂಗಳೂರು ಉಡುಪಿಯಲ್ಲಿ ಒತ್ತೊತ್ತು, ಘಟ್ಟದ ಮೇಲೆ ಒಂದಷ್ಟು, ಆಮೇಲೆ ಒಂದೇ ನೆಗೆತಕ್ಕೆ ದಮ್ಮಾಮ್, ಜುಬೈಲ್, ಜಿದ್ದಾ, ಅತ್ತ ಜಿಜಾನ್ ತನಕ.

ನಮ್ಮ ತಂದೆಯ ಕಸುಬನ್ನು ಅಜ್ಜನಿಗೆ ಹೇಳಿದೆ. ತಲೆಯ ಮೇಲೆ ಬಟ್ಟೆಯ ಗಂಟು, ಕೈಯಲ್ಲಿ ತಗಡಿನ ಪೆಟ್ಟಿಗೆ, ಅದರೊಳಗೆ ಸೂಜಿ, ನೂಲು, ಬಾಚಣಿಗೆ, ರಿಬ್ಬನ್ನು, ಬಳೆ. ಮನೆಯಿಂದ ಮನೆಗೆ ನಡೆದು ಮಾರುತ್ತಿದ್ದರು. ಗಂಟು ಇಳಿಸಿದ ಅಂಗಳದಲ್ಲಿ ಹೆಂಗಸರು ಸುತ್ತ ಕೂತು ಅರ್ಧ ತಾಸು ಚೌಕಾಸಿ ಮಾಡಿ, ಕೊನೆಗೆ ಒಂದು ಲೋಟ ಬೆಲ್ಲದ ನೀರು ಕೊಟ್ಟು ಕಳಿಸುತ್ತಿದ್ದರು.

ಅಜ್ಜ ಪರದೆಗೆ ಮುಖ ಹತ್ತಿರ ತಂದರು. "ಬೆನ್ನ ಮೇಲೆ ಮೂಟೆ, ಮೂಟೆಯಲ್ಲಿ ಸೂಜಿ, ಗುಂಡಿ, ರಿಬ್ಬನ್ನು. ಹಿಂದಿನ ಚಾಪ್‌ಮನ್‌ಗಳು ಹಾಗೆಯೇ ನಡೆಯುತ್ತಿದ್ದರೆಂದು ಓದಿದ್ದೇನೆ. ನಿಮ್ಮ ತಂದೆ ಚಾಪ್‌ಮನ್ ಆಗಿದ್ದರು. ನಾನು ಹೆಸರಿಗೆ ಮಾತ್ರ" ಎಂದರು. ಆಮೇಲೆ ಮಗನ ಕಡೆ ತಿರುಗಿ, ತಮಾಷೆಯೋ ನಿಜವೋ ತಿಳಿಯದ ದನಿಯಲ್ಲಿ, "ನಾಲ್ಕು ತಲೆಮಾರಿನಿಂದ ನಮ್ಮ ಮನೆಯಲ್ಲಿ ಯಾರೂ ಒಂದು ಚೌಕಾಸಿ ಮಾಡಿದವರಿಲ್ಲ. ಚೀಟಿ ಅಂಟಿಸಿದ ಬೆಲೆಯನ್ನು ಪ್ರಶ್ನಿಸಲೂ ನನಗೆ ಹೆದರಿಕೆ. ಕಣ್ಣು ಮುಚ್ಚುವುದರೊಳಗೆ ಒಬ್ಬ ಚಾಪ್‌ಮನ್ ನಿಜವಾದ ಚೌಕಾಸಿ ಮಾಡುವುದನ್ನು ನೋಡಬೇಕು. ನೀನು ಅಷ್ಟು ದೊಡ್ಡ ಅರಬ್ಬೀ ಸಂತೆಯ, ಆ ಸೂಕಿನ, ಪಕ್ಕದಲ್ಲೇ ಇದ್ದೀಯ" ಎಂದರು.

ಮಗನಿಗೆ ಕೆಲಸ ಮುಗಿಸಿ ದೇಶ ಬಿಡುವ ಫೈನಲ್ ಎಕ್ಸಿಟ್ ಆಗಿತ್ತು. ಹೊರಡಲು ಮೂರು ವಾರ. ಕಾಲ್ ಕಟ್ ಮಾಡಿದ ಮೇಲೆ ನನ್ನನ್ನು ನೋಡಿ, "ಅಪ್ಪನಿಗೆ ಒಂದು ಕಾರ್ಪೆಟ್ ಕೊಂಡೊಯ್ಯಬೇಕೆಂದಿದ್ದೇನೆ. ನಾನೇ ಚೌಕಾಸಿ ಮಾಡಿ, ಅವರು ನೋಡುತ್ತಿರುವಾಗಲೇ. ಕಲಿಸುತ್ತೀರಾ?" ಎಂದು ಕೇಳಿದರು. ಮುಖ ನೋಡಿದರೆ ತಮಾಷೆಯಿಲ್ಲ. ಅಪ್ಪನಿಗೆ ಅವರು ಕೊಡಬಹುದಾದದ್ದು ಇದೊಂದೇ ಎಂಬಂತೆ ನಿಂತಿದ್ದರು.

ಕಲಿಸದೆ ಇರುತ್ತೇನೆಯೇ? ಸಲಹೆ ಕೊಡುವುದೆಂದರೆ ನನಗೆ ಹಬ್ಬ.

ಮಧ್ಯಾಹ್ನ ಅಂಗಡಿ ಖಾಲಿ ಇರುವ ಹೊತ್ತಿನಲ್ಲಿ ಪಾಠ. ಬೇಕಾದ ವಸ್ತುವನ್ನು ಮೊದಲು ಮುಟ್ಟಬೇಡಿ, ಹೊಗಳಲೇಬೇಡಿ. ಬೇಡದ ಎರಡರ ಬೆಲೆ ಕೇಳಿ ಆಮೇಲೆ ಬೇಕಾದದ್ದಕ್ಕೆ ಬನ್ನಿ. ಒಂದು ಕೊರತೆ ಹುಡುಕಿ. ನಿಮ್ಮ ಬೆಲೆ ಹೇಳಿದ ಮೇಲೆ ಬಾಯಿ ಮುಚ್ಚಿ, ಮೊದಲು ಮಾತಾಡಿದವನು ಸೋತ. ಒಪ್ಪದಿದ್ದರೆ ಎದ್ದು ಹೊರಡಿ, ಆದರೆ ನಿಧಾನವಾಗಿ, ಹಿಂದಿನಿಂದ ಕರೆದರೆ ಕೇಳುವಷ್ಟು ನಿಧಾನವಾಗಿ. ಇದನ್ನು ಓದುವ ನಿಮಗೂ ಹೇಳುತ್ತೇನೆ, ಕೊನೆಯದು ಬಹಳ ಮುಖ್ಯ. ಸಿಟ್ಟಿನಿಂದ ದಡದಡ ನಡೆದವರನ್ನು ಯಾರೂ ಕರೆಯುವುದಿಲ್ಲ.

ಒಂದು ಹೆಲ್ಮೆಟ್ ಇಟ್ಟು ಅಭ್ಯಾಸ ಮಾಡಿಸಿದೆ.

"ಅರವತ್ತು ರಿಯಾಲ್" ಎಂದೆ.

"ಕ್ಷಮಿಸಿ, ಐವತ್ತೈದಕ್ಕೆ ಆಗಬಹುದೇ? ನಿಮಗೆ ಕಷ್ಟವಾಗುವುದಾದರೆ ಅರವತ್ತೈದಾದರೂ ಸರಿ."

ಪಕ್ಕದ ಬಟ್ಟೆ ಅಂಗಡಿಯ ಭಟ್ಕಳದ ಗೆಳೆಯ ಚಹಾ ಕುಡಿಯುತ್ತ ಕೂತಿದ್ದ. ಅವನದು ನವಾಯತಿ, ನನ್ನದು ಬ್ಯಾರಿ ಭಾಷೆ, ಹಾಗಾಗಿ ನಮ್ಮಿಬ್ಬರದು ಯಾವಾಗಲೂ ಕನ್ನಡ. ಅವನಿಗೆ ಚಹಾ ಮೂಗಿಗೆ ಹತ್ತಿತು.

"ಎಂತ ಮಾರಾಯ, ಇವರಿಗೆ ಇಳಿಯುದು ಯಾವುದು ಹತ್ತುದು ಯಾವುದು ಗೊತ್ತಿಲ್ಲ! ಈ ಅವತಾರದಲ್ಲಿ ಸೂಕಿಗೆ ಕರ್ಕೊಂಡು ಹೋದ್ರೆ ಪ್ಯಾಂಟು ಸಹ ಬಿಟ್ಟು ಬರ್‍ತಾರೆ."

"ಸುಮ್ನಿರು ಮಾರಾಯ. ಮೂರು ವಾರ ಉಂಟು."

"ಮೂರು ವರ್ಷ ಇದ್ರೂ ಆಗ್ಲಿಕ್ಕಿಲ್ಲ. ಬಿರಿಯಾನಿ ಬೆಟ್ಟು."

ಎರಡು ವಾರ ಕಳೆಯಿತು. ಇಂಜಿನಿಯರು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದುಕೊಂಡಿದ್ದರು, ಬಾಯಲ್ಲಿ ಮಾತ್ರ 'ಕ್ಷಮಿಸಿ' ಹೋಗಲೊಲ್ಲದು. ನನಗೆ ಅಳುಕು ಶುರುವಾಯಿತು. ಅಲ್ಲಿ ಅಜ್ಜ ದಿನ ಎಣಿಸುತ್ತಿದ್ದಾರೆ, ಇಲ್ಲಿ ಮಗ ಮಾನ ಕಳೆಯುವುದು ಖಂಡಿತ. ಆಗ ನಮ್ಮ ಕಡೆಯವರೆಲ್ಲರೂ ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಆಸ್ಪತ್ರೆಯಿರಲಿ, ಟಿಕೆಟ್ಟಿರಲಿ, ಮದುವೆ ಹಾಲಿರಲಿ, ನಾವು ನೇರವಾಗಿ ಹೋಗುವುದಿಲ್ಲ, ಮೊದಲು ಒಳಗೆ ನಮ್ಮವರೊಬ್ಬರಿಗೆ ಒಂದು ಮಾತು ಹೇಳಿಡುತ್ತೇವೆ.

ಕಾರ್ಪೆಟ್ ಅಂಗಡಿಯ ಹಿರಿಯರು ಪೇಶಾವರ ಕಡೆಯ ಪಠಾಣರು. ಬಿಳಿ ಗಡ್ಡ, ಸೂಕಿನಲ್ಲಿ ಎಲ್ಲರೂ ಅವರನ್ನು ಅಣ್ಣ ಎಂಬರ್ಥದಲ್ಲಿ ಲಾಲಾ ಎನ್ನುತ್ತಾರೆ. ಗುರುವಾರ ಅವರ ಬಳಿ ಹೋಗಿ ನನ್ನ ಹರಕು ಉರ್ದುವಿನಲ್ಲಿ ಹೇಳಿದೆ: "ಲಾಲಾ, ನಾಳೆ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ನನ್ನ ಅತಿಥಿಯೊಬ್ಬರು ಬರುತ್ತಾರೆ. ಅವರು ಕಣ್ಣಿಟ್ಟಿರುವ ಈ ಕೆಂಪು ಕಾರ್ಪೆಟ್‌ಗೆ ನೀವು ಸಾವಿರದ ಇನ್ನೂರು ಹೇಳಿ. ಸ್ವಲ್ಪ ಜಗ್ಗಾಡಿ ಎಂಟುನೂರಕ್ಕೆ ಬಿಡಿ. ಅವರಿಗೆ ತಿಳಿಯಬಾರದು. ಅವರ ಮುದಿ ತಂದೆ ಫೋನಿನಲ್ಲಿ ನೋಡುತ್ತಿರುತ್ತಾರೆ, ಅದು ಅವರ ಕೊನೆಗಾಲದ ಆಸೆ." ಲಾಲಾ ಎದೆಯ ಮೇಲೆ ಕೈಯಿಟ್ಟು, "ನಿನ್ನ ಅತಿಥಿ ನನ್ನ ಅತಿಥಿ" ಎಂದರು. ಕೆಲಸವಾಯಿತೆಂದು ಸೀಟಿ ಹೊಡೆಯುತ್ತ ಬಂದೆ. ಆ ಮಾತನ್ನು ಅಲ್ಲೇ ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು.

ಶುಕ್ರವಾರ ಮೂವರೂ ಹೋದೆವು. ಗೆಳೆಯ ಮೊಬೈಲ್ ಎತ್ತಿ ಹಿಡಿದಿದ್ದ, ಪರದೆಯ ತುಂಬ ಅಜ್ಜ. ಆ ದಿನಕ್ಕೆಂದೇ ಟೈ ಕಟ್ಟಿಕೊಂಡಿದ್ದರು.

ಇಂಜಿನಿಯರು ಚೆನ್ನಾಗಿಯೇ ತೊಡಗಿದರು. ಬೇಡದ ನೀಲಿಯದನ್ನು ಕೇಳಿದರು, ಬೇಡದ ಹಸಿರನ್ನು ಕೇಳಿದರು, ಆಮೇಲೆ ಏನೋ ನೆನಪಾದವರಂತೆ ಕೆಂಪಿನದರತ್ತ ಗಲ್ಲ ಎತ್ತಿದರು. ಲಾಲಾ ಸಾವಿರದ ಇನ್ನೂರು ಎಂದರು. ಇವರು ಆರುನೂರು ಎಂದರು. 'ಕ್ಷಮಿಸಿ' ಇಲ್ಲ! ಬಾಯಿ ಮುಚ್ಚಿ ನಿಂತರು. ನನಗೆ ಹೆಮ್ಮೆಯಿಂದ ಕಣ್ಣು ಮಂಜಾಯಿತು.

ಅಷ್ಟರಲ್ಲಿ ಲಾಲಾ ಮೊಬೈಲಿನ ಕಡೆ ನೋಡಿದರು. ಹತ್ತಿರ ಬಂದು, ಬಗ್ಗಿ, ಅಜ್ಜನಿಗೆ ಸಲಾಂ ಹೇಳಿದರು. "ಬಾಬಾಗೆ ಎಷ್ಟು ವಯಸ್ಸು ಕೇಳು" ಎಂದರು ನನಗೆ. ಹೇಳಿದೆ. ಲಾಲಾ ಹಿಂದಕ್ಕೆ ಹೋಗಿ, ಕೆಂಪು ಕಾರ್ಪೆಟನ್ನು ಸುತ್ತಿ, ಹಗ್ಗ ಕಟ್ಟಿ, ತಂದು ಇಂಜಿನಿಯರ ತೋಳಿಗೆ ಇಟ್ಟರು.

"ತೆಗೆದುಕೊಂಡು ಹೋಗಲಿ. ಹಣ ಬೇಡ. ನನ್ನ ತಂದೆ ಇದ್ದಿದ್ದರೆ ಇದೇ ವಯಸ್ಸು."

"ಲಾಲಾ, ನಿನ್ನೆ ಹೇಳಿದ್ದು..." ಎಂದು ನಾನು ಪಿಸುಗುಟ್ಟಿದೆ.

"ನಿನ್ನೆ ನೀನು ಅತಿಥಿ ಎಂದೆ, ಮುದಿ ತಂದೆ ಎಂದೆ. ಅಂಥವರಿಂದ ಹಣ ತೆಗೆದುಕೊಂಡು ನಾನು ಊರಿಗೆ ಮುಖ ತೋರಿಸಲೇ?"

ಗೆಳೆಯ ನನ್ನ ಕಿವಿಯಲ್ಲಿ, "ಸೂಪರ್ ಆಯ್ತು. ನಿನ್ನ ಬುದ್ಧಿವಂತಿಕೆಗೆ ಒಂದು ಬೋರ್ಡ್ ಬರೆಸು ಮಾರಾಯ. ಚೌಕಾಸಿ ಕಲಿಸ್ಲಿಕ್ಕೆ ಬಂದು ವ್ಯಾಪಾರವನ್ನೇ ಮುಗಿಸಿದೆ" ಎಂದ.

ಇಂಜಿನಿಯರು ಗಾಬರಿಯಿಂದ ನನ್ನನ್ನು ನೋಡಿದರು. ವಿಷಯ ಹೇಳಿದೆ, ಹಿಂದಿನ ದಿನ ನಾನು ಮಾಡಿದ ಒಳವ್ಯವಸ್ಥೆಯನ್ನೂ ಹೇಳಿಬಿಟ್ಟೆ. ಅಡಗಿಸಿ ಪ್ರಯೋಜನವಿರಲಿಲ್ಲ. ಫೋನಿನಿಂದ ಅಜ್ಜನ ದನಿ ಬಂತು: "ಏನಂತೆ? ಎಷ್ಟಕ್ಕೆ ಒಪ್ಪಿದರಂತೆ?"

"ಉಚಿತವಂತೆ ಅಪ್ಪಾ."

"ಉಚಿತ? ಅದು ಚೌಕಾಸಿ ಅಲ್ಲ! ಹಾಗೆ ತೆಗೆದುಕೊಂಡರೆ ಮನೆಗೆ ಬರಬೇಡ!"

ಇಂಜಿನಿಯರು ಕಾರ್ಪೆಟನ್ನು ಕೆಳಗಿಟ್ಟು, ಹಗ್ಗ ಬಿಚ್ಚಿ, ನೆಲದ ಮೇಲೆ ಹಾಸಿ, ಮಂಡಿಯೂರಿ ಕುಳಿತು ಅಂಗೈಯಿಂದ ಸವರತೊಡಗಿದರು. ನಾನು ಮಾಡಬೇಡಿ ಎಂದು ಹದಿನಾಲ್ಕು ದಿನ ಹೇಳಿದ್ದೆಲ್ಲವನ್ನೂ ಒಂದೊಂದಾಗಿ ಮಾಡತೊಡಗಿದರು.

"ಎಂಥ ನೇಯ್ಗೆ!" ಎಂದರು. "ಎಂಥ ಬಣ್ಣ! ಇಷ್ಟು ಚೆಂದದ್ದನ್ನು ನಾನು ಕಂಡೇ ಇಲ್ಲ. ಸಾವಿರದ ಇನ್ನೂರು ಕಡಿಮೆಯಾಯಿತು. ಸಾವಿರದ ಐನೂರು ಕೊಡುತ್ತೇನೆ ಎಂದು ಹೇಳಿ."

ಉರ್ದುವಿಗೆ ತಿರುಗಿಸಿ ಹೇಳಿದೆ. ಲಾಲಾಗೆ ಅವಮಾನವಾದಂತಾಯಿತು. ಅವರೂ ಎದುರಿಗೆ ಕುಳಿತು ಕಾರ್ಪೆಟಿನ ಅಂಚು ಎತ್ತಿ ಹಿಡಿದರು. "ಇದೇನು ಚೆಂದ? ಈ ಮೂಲೆ ನೋಡು, ಸೊಟ್ಟ. ಈ ಹೂವು ನೋಡು, ಒಂದು ಎಸಳು ಕಮ್ಮಿ. ಬಿಸಿಲಿಗೆ ಹಾಕಿದರೆ ಬಣ್ಣ ನಿಲ್ಲುವುದಿಲ್ಲ. ಎರಡು ವರ್ಷದಿಂದ ಯಾರಿಗೂ ಬೇಡವಾಗಿ ಬಿದ್ದಿದೆ. ಇದಕ್ಕೆ ಯಾರಾದರೂ ಹಣ ಕೊಡುತ್ತಾರೆಯೇ?"

"ಸೊಟ್ಟ ಇದ್ದರೆ ಕೈಯಲ್ಲಿ ನೇಯ್ದದ್ದು ಎಂದಾಯಿತು. ಸಾವಿರದ ಐನೂರು."

"ನೂರು. ಬಾಬಾನ ಮಾತಿಗಾಗಿ ನೂರು."

"ಸಾವಿರದ ನಾನೂರು."

ಅಕ್ಕಪಕ್ಕದ ಅಂಗಡಿಯವರು ಬಂದು ಸುತ್ತ ನಿಂತರು. ಅತ್ತರಿನವನು ಬಂದ, ಖರ್ಜೂರದವನು ಬಂದ. ಮೂವತ್ತು ವರ್ಷದಲ್ಲಿ ಮಾರುವವನ ಪರ ನಿಂತಿದ್ದೇನೆ, ಕೊಳ್ಳುವವನ ಪರ ನಿಂತಿದ್ದೇನೆ, ಆ ದಿನ ಮಾತ್ರ ನಾನು ಯಾರ ಪರ ಎಂದು ನನಗೇ ತಿಳಿಯಲಿಲ್ಲ. ಇಬ್ಬರೂ ತಮಗೆ ನಷ್ಟವಾಗಲೆಂದು ಹಟ ಹಿಡಿದಿದ್ದರು.

ಲಾಲಾ ಇನ್ನೂರರಲ್ಲಿ ಬಂಡೆಯಂತೆ ನಿಂತುಬಿಟ್ಟಾಗ ಇಂಜಿನಿಯರು ಎದ್ದರು. ಕಾರ್ಪೆಟನ್ನು ಅಲ್ಲೇ ಬಿಟ್ಟು ಬಾಗಿಲ ಕಡೆ ನಡೆದರು. ನಿಧಾನವಾಗಿ. ಫೋನಿನಲ್ಲಿ ಅಜ್ಜ, "ತಿರುಗಿ ನೋಡಬೇಡ!" ಎಂದು ಕೂಗಿದರು.

ಹೊಸ್ತಿಲಿಗೆ ಒಂದು ಹೆಜ್ಜೆ ಇರುವಾಗ ಲಾಲಾ ಕರೆದರು. "ತಾಲ್, ತಾಲ್, ಬಾರಯ್ಯ. ನಾನೂರು."

ಇಂಜಿನಿಯರು ತಿರುಗಿದರು. ಮುಖ ಕೆಂಪಗಾಗಿತ್ತು, ಕಣ್ಣು ಹೊಳೆಯುತ್ತಿತ್ತು. "ಸಾವಿರ" ಎಂದರು.

ಐನೂರು, ಒಂಬೈನೂರು. ಆರುನೂರು, ಎಂಟುನೂರ ಐವತ್ತು. ಕೊನೆಗೆ ಏಳುನೂರಕ್ಕೆ ಇಬ್ಬರ ಕೈ ಸೇರಿತು. ಸುತ್ತ ನಿಂತವರು ಚಪ್ಪಾಳೆ ಹೊಡೆದರು. ನಾನು ಮೊದಲೇ ಹೊಂದಿಸಿಟ್ಟ ಎಂಟುನೂರಕ್ಕಿಂತ ನೂರು ಕಡಿಮೆ! ಏರಿಸುತ್ತ ಹೋಗಿ ಇಳಿಸಿದ ಚೌಕಾಸಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಯಾರಿಗೂ ಕಲಿಸಿಯೂ ಇರಲಿಲ್ಲ. ಅದು ಅವರದೇ.

"ಗೆದ್ದವರು ಯಾರು?" ಎಂದು ಅಜ್ಜ ಕೇಳಿದರು.

"ನನಗೆ ಗೊತ್ತಾಗುತ್ತಿಲ್ಲ ಅಜ್ಜ" ಎಂದೆ.

"ಹಾಗಾದರೆ ನಿಜವಾದ ಚೌಕಾಸಿಯೇ" ಎಂದರು. ಟೈ ಸಡಿಲಿಸಿಕೊಂಡು, ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು. ಆಮೇಲೆ ನಕ್ಕರು.

ಬಿರಿಯಾನಿ ಯಾರು ಕೊಡಿಸಬೇಕೆಂದು ಗೆಳೆಯನೂ ನಾನೂ ಜಗಳ ಶುರು ಮಾಡಿದೆವು. "ಮಾರಾಯ, ಮೇಲೆ ಹತ್ತಿದ್ದಕ್ಕೆ ಬೆಟ್ಟು ಕಟ್ಟಿದ್ದಲ್ಲ ನಾನು" ಎಂಬುದು ಅವನ ತಕರಾರು. ಅದು ಬಗೆಹರಿಯುವುದರೊಳಗೆ ಲಾಲಾ ಕಾರ್ಪೆಟನ್ನು ಮತ್ತೆ ಸುತ್ತುತ್ತಿದ್ದರು. ಸುತ್ತುವಾಗ ಕಪಾಟಿನಿಂದ ಕಸೂತಿಯ ದಿಂಬಿನ ಚೀಲವೊಂದನ್ನು ಎಳೆದು, ಯಾರೂ ನೋಡದಂತೆ ಮಡಿಕೆಯೊಳಗೆ ತುರುಕಿದರು. ಬಾಬಾನ ಬೆನ್ನಿಗೆ ಎಂದು ನನ್ನತ್ತ ಕಣ್ಣು ಮಿಟುಕಿಸಿದರು.

ಇಂಜಿನಿಯರು ನೋಡಿಬಿಟ್ಟರು. ಮಡಿಕೆಗೆ ಕೈ ಹಾಕಿ, ದಿಂಬಿನ ಚೀಲವನ್ನು ಹೊರಗೆಳೆದು, ಬೆಳಕಿಗೆ ಹಿಡಿದು, ದೀರ್ಘವಾಗಿ ಮೆಚ್ಚಿ ತಲೆಯಾಡಿಸಿದರು.

"ಇದಕ್ಕೆ ಎಷ್ಟು?"

"ಇದು ಮಾರಾಟಕ್ಕಿಲ್ಲ" ಎಂದರು ಲಾಲಾ, ತೋಳು ಮಡಚುತ್ತ.

ಇಂಜಿನಿಯರು ಅಂಗಡಿಯ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತರು. ಫೋನಿನ ಕಡೆ ತಿರುಗಿ, "ಅಪ್ಪಾ, ಒಂದು ಚಹಾ ಮಾಡಿಕೊಂಡು ಬಾ" ಎಂದರು. "ಇದು ಸ್ವಲ್ಪ ಹೊತ್ತು ಹಿಡಿಯುತ್ತದೆ."